ಮೂರನೆಯ ಪ್ಲೇಟ್

2020ರ ಮೇ ತಿಂಗಳಲ್ಲಿ ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಲೋಹ ಕಡೆಯುವ ಲೇಥ್ ಯಂತ್ರಗಳ ಬೆಡ್ ನಮ್ಮ ಮುಖ್ಯ ಉತ್ಪನ್ನ. ಬೆಡ್ ಎಂದರೆ ಯಂತ್ರದ ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ಎರಕದ ಕಬ್ಬಿಣದ ಅಡಿಪಾಯ. 1988ರಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದಾಗ ಶಾಪ್‌ಫ್ಲೋರ್‌ನಲ್ಲಿ ನಾನೊಬ್ಬಳೇ ಹೆಂಗಸು. ಮನೆಯಲ್ಲಿ ಉರ್ದು, ಕೆಲಸದಲ್ಲಿ ಕನ್ನಡ, ಜಗಳಕ್ಕೆ ಮರಾಠಿ ಎಂದು ಭಾಷೆಗಳನ್ನು ಹಂಚಿಕೊಂಡು ಮೂವತ್ತೆರಡು ವರ್ಷ ತಳ್ಳಿದ್ದೆ. ನನ್ನ ಸಹಿ ಇಲ್ಲದೆ ಒಂದು ಬೆಡ್ ಕೂಡ ಗೇಟು ದಾಟುತ್ತಿರಲಿಲ್ಲ. ಆ ಬಗ್ಗೆ ನನಗೆ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಲಾಕ್‌ಡೌನ್ ಸಡಿಲವಾಗಿ ಅರ್ಧಂಬರ್ಧ ಕೆಲಸಗಾರರೊಂದಿಗೆ ಕಾರ್ಖಾನೆ ಮತ್ತೆ ಶುರುವಾಗಿತ್ತು. ಎರಡನೆಯ ವಾರದಲ್ಲೇ ಕ್ರೇನಿನ ಪಟ್ಟಿ ಜಾರಿ ಒಂದು ಎರಕ ನಮ್ಮ ಗ್ರಾನೈಟ್ ಸರ್ಫೇಸ್ ಪ್ಲೇಟ್ ಮೇಲೆ ಬಿತ್ತು. ಸರ್ಫೇಸ್ ಪ್ಲೇಟ್ ಅಂದರೆ ಕೂದಲೆಳೆಯಷ್ಟೂ ಏರುಪೇರಿಲ್ಲದ ಹಲಗೆ. ನಾವು ಮಾಡಿದ ಭಾಗ ನೆಟ್ಟಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಈ ಹಲಗೆಯ ಮೇಲಿಟ್ಟೇ ನೋಡಬೇಕು. ಆ ಹಲಗೆ ಎರಡು ಹೋಳಾಯಿತು. ಹೊಸದು ತರಿಸೋಣವೆಂದರೆ ಲಾರಿಗಳು ನಿಂತಿದ್ದವು, ಲ್ಯಾಬುಗಳು ಮುಚ್ಚಿದ್ದವು. ಹದಿನಾಲ್ಕು ಬೆಡ್‌ಗಳು ತಪಾಸಣೆಗಾಗಿ ಸಾಲಾಗಿ ನಿಂತಿದ್ದವು, ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆಗ ನನ್ನ ಮೇಜಿನ ಹತ್ತಿರ ಬಂದವರು ತವನಪ್ಪ ಮಿಸ್ತ್ರಿ. ಕೈಯಿಂದ ಲೋಹ ಕೆರೆದು ಸಮ ಮಾಡುವ ಸ್ಕ್ರೇಪಿಂಗ್ ಬೆಂಚಿನ ಹಿರಿಯರು. ನನಗಿಂತ ಎಂಟು ವರ್ಷ ದೊಡ್ಡವರು, ಜೈನರ ಮನೆತನ, ಮಿತ ಊಟ, ಅದಕ್ಕಿಂತ ಮಿತ ಮಾತು. ನಾನು ಸೇರಿದ ಹೊಸತರಲ್ಲಿ ಉಳಿದವರು ನಗುತ್ತ ನಿಂತಾಗ ನನ್ನ ಕೈಗೆ ಸ್ಕ್ರೇಪರ್ ಕೊಟ್ಟು ಹಿಡಿಯುವುದು ಹೇಗೆಂದು ತೋರಿಸಿದವರು ಅವರೇ. ಜನರ ಎದುರಿಗೆ ನನಗೆ ಮೇಡಂ ಅನ್ನುತ್ತಿದ್ದರು, ಇಬ್ಬರೇ ಇದ್ದಾಗ ತಂಗಿ.

"ಪ್ಲೇಟ ಬ್ಯಾರೆ ಕಡಿಂದ ಯಾಕ ತರಸ್ತಿ ತಂಗಿ? ಇಲ್ಲೇ ಮಾಡೂಣು," ಅಂದರು.

"ಯಾವುದಕ್ಕ ಹೋಲಿಸಿ ಮಾಡ್ತೀರಿ ಅಣ್ಣಾರ? ನಮ್ಮ ಕಡೆ ನೆಟ್ಟಗಿರೂದು ಒಂದೂ ಉಳದಿಲ್ಲ."

"ಜಗತ್ತಿನ್ಯಾಗ ಮದಲ ಮಾಡಿದಾಂವ ಯಾವುದಕ್ಕ ಹೋಲಿಸಿದ್ದ?"

 ಉತ್ತರ ಅವರ ಹತ್ತಿರವೇ ಇತ್ತು. ಕಾರ್ಖಾನೆಯ ಹಿಂದೆ ಪೊದೆಗಳ ನಡುವೆ 2014ರಲ್ಲಿ ಹೊಯ್ದು ಬಿಟ್ಟಿದ್ದ ನಾಲ್ಕು ಚಿಕ್ಕ ಎರಕಗಳು ಬಿದ್ದಿದ್ದವು. ಒಂದೊಂದೂ ಸುಮಾರು ಒಂದು ಅಡಿ ಚೌಕ, ಇಪ್ಪತ್ತೈದು ಕಿಲೋ ಹತ್ತಿರ ತೂಕ. ಅವುಗಳಲ್ಲಿ ಮೂರನ್ನು ಆರಿಸಿ ಒಳಗೆ ತರಿಸಿದರು.

ವಿಧಾನ ಇದು. ಒಂದು ಪ್ಲೇಟಿಗೆ ತೆಳುವಾಗಿ ನೀಲಿ ಬಣ್ಣ ಸವರಿ ಇನ್ನೊಂದನ್ನು ಅದರ ಮೇಲಿಟ್ಟು ಉಜ್ಜಿದರೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಹತ್ತಿದಲ್ಲಿ ಕೆರೆಯಬೇಕು. ಮತ್ತೆ ಉಜ್ಜಬೇಕು, ಮತ್ತೆ ಕೆರೆಯಬೇಕು. ಆದರೆ ಎರಡೇ ಪ್ಲೇಟ್ ಇಟ್ಟುಕೊಂಡು ಕೂತರೆ ಕೆಲಸ ಕೆಡುತ್ತದೆ. ಒಂದು ಸ್ವಲ್ಪ ಉಬ್ಬಿ ಇನ್ನೊಂದು ಅಷ್ಟೇ ತಗ್ಗಿದ್ದರೆ ಅವೆರಡೂ ಬೋಗುಣಿಯೊಳಗೆ ಬೋಗುಣಿ ಕೂತಂತೆ ಚೆನ್ನಾಗಿ ಕೂಡುತ್ತವೆ, ಎರಡೂ ತಪ್ಪೇ ಆಗಿರುತ್ತವೆ. ಮೂರನೆಯದು ಬಂದಾಗ ಈ ಆಟ ನಡೆಯುವುದಿಲ್ಲ. ಒಂದು ಎರಡಕ್ಕೆ, ಎರಡು ಮೂರಕ್ಕೆ, ಮೂರು ಒಂದಕ್ಕೆ, ಹೇಗೆ ತಿರುಗಿಸಿಟ್ಟರೂ ಕೂಡಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು, ಬೇರೆ ದಾರಿಯೇ ಇಲ್ಲ. ಹೋಲಿಸಲು ಜಗತ್ತಿನಲ್ಲಿ ಏನೂ ಇಲ್ಲದಿದ್ದರೂ ಇದು ಸಾಧ್ಯ.

ನಲವತ್ತೊಂದು ದಿನ ಹಿಡಿಯಿತು. ಮಾಸ್ಕಿನೊಳಗೆ ಬೆವರು ಸುರಿಯುತ್ತಿತ್ತು. ಅವರು ಎರಡನೆಯ ಪ್ಲೇಟ್ ಕೆರೆದರೆ ನಾನು ಮೂರನೆಯದನ್ನು ಕೆರೆಯುತ್ತಿದ್ದೆ. ಕೊನೆಗೆ ಚದರ ಇಂಚಿಗೆ ಇಪ್ಪತ್ತಕ್ಕಿಂತ ಹೆಚ್ಚು ನೀಲಿ ಚುಕ್ಕೆಗಳು ಮೂರರ ಮೇಲೂ ಸಮವಾಗಿ ಬಂದವು. ಆ ಪ್ಲೇಟುಗಳನ್ನೇ ಬೆಡ್‌ಗಳ ಮೇಲೆ ಅಡಿ ಅಡಿಯಾಗಿ ಸರಿಸುತ್ತ ಹದಿನಾಲ್ಕನ್ನೂ ಅಳೆದು ಕಳಿಸಿದೆವು. ಮೂರು ತಿಂಗಳ ನಂತರ ಲ್ಯಾಬ್ ತೆರೆದಾಗ ನಮ್ಮ ಪ್ಲೇಟುಗಳನ್ನು ಪರೀಕ್ಷಿಸಿದರು. ಎಲ್ಲೂ ಐದು ಮೈಕ್ರಾನ್ ಮೀರಿರಲಿಲ್ಲ. ನಮ್ಮ ತಲೆಗೂದಲಿನ ದಪ್ಪ ಅದರ ಹತ್ತು ಪಟ್ಟಿಗಿಂತ ಹೆಚ್ಚು.

ಆಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನಾಳೆ ಎಲ್ಲ ಯಂತ್ರಗಳೂ ಹಾಳಾಗಿ ಹೋದರೆ ಮನುಷ್ಯ ಮತ್ತೆ ಎಲ್ಲಿಂದ ಶುರು ಮಾಡಬೇಕು? ಬೀಜ, ಬೆಂಕಿ, ಮಡಕೆ, ಔಷಧ ಇವನ್ನೆಲ್ಲ ಹೇಳುವವರಿದ್ದಾರೆ. ನನ್ನ ಕಸುಬಿನ ಉತ್ತರ ಈ ಮೂರು ಪ್ಲೇಟು. ಸಮತಟ್ಟಾದ ಹಲಗೆ ಇದ್ದರೆ ನೇರವಾದ ಪಟ್ಟಿ ಬರುತ್ತದೆ, ಪಟ್ಟಿಯಿಂದ ಮೂಲೆಮಟ್ಟ, ಅದರಿಂದ ಲೇಥ್, ಲೇಥ್‌ನಿಂದ ಸ್ಕ್ರೂ, ಪಂಪು, ಎಂಜಿನ್ನು. ಅಂಥ ವಿದ್ಯೆ ಉದ್ಯಮಬಾಗದಲ್ಲಿ ಒಬ್ಬ ಮುದುಕರ ಮಣಿಕಟ್ಟಿನಲ್ಲಿ ಮಾತ್ರ ಉಳಿದಿತ್ತು. ಇದನ್ನು ನಾನು ಯಾರಿಗೆ ಹೇಳಿದರೂ ಅವರು ಗಡಿಯಾರ ನೋಡುತ್ತಿದ್ದರು.

2022ರಲ್ಲಿ ಕಂಪ್ಯೂಟರ್‌ನಿಂದ ಅಳೆಯುವ ಯಂತ್ರ ಬಂತು, ಹೊಸ ಗ್ರಾನೈಟ್ ಬಂತು. ಸ್ಕ್ರೇಪಿಂಗ್ ಬೆಂಚ್ ಮುಚ್ಚುವುದೆಂದು ಮಾಲೀಕರು ತೀರ್ಮಾನಿಸಿದರು. ನಾನು ಅವರ ಹಿಂದೆ ಬಿದ್ದು ಒಂದು ಒಪ್ಪಿಗೆ ಪಡೆದೆ. ಬೆಂಚ್ ಮುಚ್ಚುವ ಮೊದಲು ತವನಪ್ಪನವರ ವಿದ್ಯೆಯನ್ನೆಲ್ಲ ಬರೆದಿಡುವುದು, ಆ ಪುಸ್ತಕವನ್ನೂ ಮೂರು ಪ್ಲೇಟುಗಳನ್ನೂ ಖಾನಾಪುರದ ಒಂದು ತರಬೇತಿ ಕೇಂದ್ರಕ್ಕೆ ಕೊಡುವುದು. ಏಳು ತಿಂಗಳು ಮಧ್ಯಾಹ್ನದ ಊಟದ ನಂತರ ಅವರು ಹೇಳಿದರು, ನಾನು ಬರೆದೆ. ನೂರಾ ಹದಿನೆಂಟು ಪುಟ. ಮಣ್ಣಿನ ಅಚ್ಚು, ಎರಕ, ಸ್ಕ್ರೇಪರಿಗೆ ಸಾಣೆ, ಮಸಿಯಿಂದಲೇ ಬಣ್ಣ ಮಾಡುವುದು, ಎಲ್ಲ ಇತ್ತು. ಒಂಬತ್ತನೆಯ ಪುಟದಲ್ಲಿ ಅವರದೇ ಮಾತು ಹಾಕಿದ್ದೆ: ಎರಕ ಹಣ್ಣಾಗಬೇಕು. ಹೊಸದಾಗಿ ಹೊಯ್ದ ಕಬ್ಬಿಣದೊಳಗೆ ಎಳೆತ ಇರುತ್ತದೆ, ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟರೆ ಮಾತ್ರ ಅದು ಇಳಿಯುತ್ತದೆ. ಅವಸರ ಮಾಡಿದರೆ ಇವತ್ತು ಸಮ ಮಾಡಿದ್ದು ನಾಲ್ಕು ತಿಂಗಳಿಗೆ ತಾನಾಗಿ ಬಾಗುತ್ತದೆ.

ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅವರ ಹೆಸರು ಬರೆದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಡಿಸೆಂಬರಿನಲ್ಲಿ ನನ್ನ ಮಗಳ ಹೆರಿಗೆಗಾಗಿ ನೆಹರು ನಗರದ ಆಸ್ಪತ್ರೆಯಲ್ಲಿ ಹದಿನೈದು ದಿನ ರಜೆಯ ಮೇಲಿದ್ದೆ. 2023ರ ಜನವರಿ ಮೂರನೆಯ ವಾರದಲ್ಲಿ ಹಸ್ತಾಂತರ. ಹೊರಡುವ ದಿನ ಬೆಳಿಗ್ಗೆ ಮೂರೂ ಪ್ಲೇಟುಗಳಿಗೆ ನೀಲಿ ಹಚ್ಚಿ ನೋಡಿದೆ. ಒಂದು ಎರಡಕ್ಕೆ ಕೂಡಿತು, ಎರಡು ಮೂರಕ್ಕೆ ಕೂಡಿತು, ಮೂರು ಒಂದಕ್ಕೆ ಕೂಡಿತು. ಪುಸ್ತಕದ ಕೊನೆಯ ಪುಟದಲ್ಲಿ "ತಪಾಸಣೆ ಮಾಡಿದೆ, ಸರಿ ಇವೆ" ಎಂದು ಬರೆದು ಸಹಿ ಹಾಕಿದೆ. ಖಾನಾಪುರದಲ್ಲಿ ಪೆಂಡಾಲ್ ಹಾಕಿದ್ದರು. ಪ್ಲೇಟುಗಳಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ಎಣ್ಣೆ ಸವರಿದ ಕಬ್ಬಿಣದ ಮೇಲೆ ಕುಂಕುಮ ನೋಡಿ ನನ್ನ ಜೀವ ಬಾಯಿಗೆ ಬಂತು, ಸಭೆ ಮುಗಿಯುತ್ತಲೇ ಒರೆಸಿಬಿಟ್ಟೆ. ತವನಪ್ಪನವರಿಗೆ ಶಾಲು ಹೊದಿಸಿದರು. ಬರುವಾಗ ಜೀಪಿನಲ್ಲಿ ಅವರು ಶಾಲು ತೆಗೆದು ಮಡಚಿ ಸೀಟಿನ ಕೆಳಗೆ ತುರುಕಿದರು, ಬೆಂಚ್ ಮುಚ್ಚುವ ದುಃಖ ಅಂದುಕೊಂಡೆ.

ಜುಲೈ ಕೊನೆಯಲ್ಲಿ ತರಬೇತಿ ಕೇಂದ್ರದ ಬೋಧಕ ಪರಶುರಾಮ ಫೋನ್ ಮಾಡಿದರು. "ಮೇಡಂ, ಬ್ಯಾಸರ ಮಾಡ್ಕೊಬ್ಯಾಡ್ರಿ. ನಿಮ್ಮ ಪುಸ್ತಕದ ಪದ್ಧತಿ ಆಗವಲ್ದು. ಪ್ಲೇಟ ವಾಪಸ್ ಒಯ್ತೀರೇನು? ಜಾಗಾ ಬೇಕಾಗೈತಿ."

ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಹುಡುಗರನ್ನು ಬಯ್ದುಕೊಂಡೆ. ಧೂಳು ಬಿಟ್ಟಿರಬೇಕು, ಬಣ್ಣ ದಪ್ಪ ಹಚ್ಚಿರಬೇಕು, ಎಣ್ಣೆ ಒರೆಸಿರಲಿಕ್ಕಿಲ್ಲ, ಈಗಿನವರಿಗೆ ಯಾವುದಕ್ಕೆ ತಾಳ್ಮೆ ಇದೆ ಎಂದೆಲ್ಲ. ಅಲ್ಲಿ ಹೋಗಿ ನೋಡಿದರೆ ಹನ್ನೊಂದು ಜನ ತರಬೇತಿಯವರು, ಎಲ್ಲರ ಅಂಗೈಯಲ್ಲಿ ಬೊಬ್ಬೆ ಎದ್ದು ಗಟ್ಟಿಯಾದ ಗುರುತು. ಬಟ್ಟೆ ಶುದ್ಧ, ಬಣ್ಣ ತೆಳು, ಸ್ಕ್ರೇಪರಿನ ಸಾಣೆ ನನ್ನದಕ್ಕಿಂತ ಚೆನ್ನಾಗಿತ್ತು.

ಪರಶುರಾಮ ನಡೆದದ್ದನ್ನು ಹೇಳಿದರು. ಮೊದಲ ಮೂರು ತಿಂಗಳು ಪ್ಲೇಟುಗಳು ಕೂಡುತ್ತಿದ್ದವು, ಅವುಗಳ ಮೇಲೆ ಬೇರೆ ತುಂಡುಗಳನ್ನು ಕೆರೆದು ಕಲಿಯುತ್ತಿದ್ದರು. ಏಪ್ರಿಲ್‌ನಲ್ಲಿ ನೋಡಿದರೆ ಒಂದು ಮತ್ತು ಎರಡು ಕೂಡುತ್ತಿದ್ದವು, ಮೂರನೆಯದು ಯಾವುದಕ್ಕೂ ಕೂಡುತ್ತಿರಲಿಲ್ಲ. ಪುಸ್ತಕ ತೆಗೆದು ನೋಡಿದರು. ಅಲ್ಲಿ ನಾನೇ ಬರೆದಿದ್ದೆ: ಎರಡು ಪ್ಲೇಟು ಒಪ್ಪಿದರೆ ನಂಬಬೇಡಿ, ಮೂರನೆಯದೇ ಸಾಕ್ಷಿ.

"ಅದಕ್ಕ ಸಾಕ್ಷಿ ಪ್ರಕಾರ ಒಂದೂ ಎರಡೂ ಕೆರದ್ವಿರಿ," ಅಂದರು ಪರಶುರಾಮ. "ಹದಿನೆಂಟ ದಿವಸಕ್ಕ ಎರಡೂ ಮೂರನೇದಕ್ಕ ಕೂಡಿದ್ವು. ಪೇಢೆ ಹಂಚಿದ್ವಿ. ಮುಂದಿನ ತಿಂಗಳ ನೋಡ್ತೀವಿ, ಮತ್ತ ಮೂರನೇದು ಸಿಟ್ಟಾಗಿ ಕುಂತೈತಿ. ಮತ್ತ ಕೆರದ್ವಿ. ಮೂರ ಸಲ ಆತ್ರಿ ಹಿಂಗ."

ಪುಸ್ತಕವನ್ನು ನನ್ನ ಮುಂದಿಟ್ಟರು. ಆ ವಾಕ್ಯದ ಪಕ್ಕದಲ್ಲಿ ಯಾರೋ ಪೆನ್ಸಿಲ್‌ನಿಂದ ಬರೆದಿದ್ದರು: ಸುಳ್ಳು. ನನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ನನ್ನ ಕಾಗದದ ಮೇಲೆ ಯಾರೂ ಆ ಪದ ಬರೆದಿರಲಿಲ್ಲ. ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಲ್ಕು ತಿಂಗಳು ಕೈ ಸುಲಿಸಿಕೊಂಡು ಬರೆದದ್ದು ಅದು. ಈ ಹನ್ನೊಂದು ಜನ ಇಲ್ಲಿಂದ ಹೋಗುವಾಗ ಈ ವಿದ್ಯೆ ಸುಳ್ಳು ಎಂದು ತಿಳಿದು ಹೋದರೆ ಅದಕ್ಕೆ ಬೇರೆ ವಾರಸುದಾರರಿರಲಿಲ್ಲ.

ನೀಲಿ ಹಚ್ಚಿ ನಾನೇ ನೋಡಿದೆ. ಮೂರನೆಯ ಪ್ಲೇಟು ಎರಡು ಎದುರುಬದುರು ಮೂಲೆಗಳಲ್ಲಿ ಎದ್ದಿತ್ತು. ತಿರುಚಿಕೊಂಡಿತ್ತು ಅಂತಲೇ ಹೇಳಬೇಕು. ಆರು ವರ್ಷ ಮಳೆಯಲ್ಲಿ ನೆನೆದ ಎರಕ ಹಾಗೆ ಮಾಡುವುದಿಲ್ಲ. "ಇದನ್ನ ಮಗುಚ್ರಿ," ಅಂದೆ. ಇಬ್ಬರು ಸೇರಿ ಮಗುಚಿದರು.

ನಮ್ಮ ಪ್ರತಿ ಎರಕದ ಅಡಿಯಲ್ಲಿ ಹೊಯ್ದ ತಿಂಗಳು, ವರ್ಷ ಉಬ್ಬಿದ ಅಂಕಿಗಳಲ್ಲಿ ಮೂಡಿರುತ್ತದೆ. ಒಂದು ಮತ್ತು ಎರಡರ ಅಡಿಯಲ್ಲಿ 2014. ಮೂರನೆಯದರ ಅಡಿಯಲ್ಲಿ 11-22. ಹಸ್ತಾಂತರಕ್ಕೆ ಎರಡು ತಿಂಗಳ ಹಿಂದೆ ಹೊಯ್ದ ಹಸಿ ಎರಕ. ನಾನು ಕೆರೆದಿದ್ದ ಪ್ಲೇಟು ಅದಲ್ಲವೇ ಅಲ್ಲ. ಹುಡುಗರು ಮುಟ್ಟದ ಆ ಮೇಲ್ಮೈಯಲ್ಲಿ ಸ್ಕ್ರೇಪರಿನ ಗುರುತುಗಳು ಅರ್ಧಚಂದ್ರದಂತೆ ಎಡಕ್ಕೆ ವಾಲಿದ್ದವು. ಹಾಗೆ ಎಡಕ್ಕೆ ಎಳೆಯುವವರು ಉದ್ಯಮಬಾಗದಲ್ಲಿ ಒಬ್ಬರೇ.

 ಪರಶುರಾಮ ಕುರ್ಚಿ ತಂದು "ಕುಂದರ್ರಿ ಮೇಡಂ" ಅಂದರು. ಬೇರೆ ಯಾರೇ ಮಾಡಿದ್ದರೂ ಕೂಗಾಡಿ ಹಗುರಾಗುತ್ತಿದ್ದೆ. ಒಂಬತ್ತನೆಯ ಪುಟವನ್ನು ಹೇಳಿ ಬರೆಸಿದವರೇ ಇದನ್ನು ಮಾಡಿದ್ದರು.

ತವನಪ್ಪನವರ ಮನೆಗೆ ಸಂಜೆ ಐದಕ್ಕೆ ಹೋದೆ. ಅವರು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ತಾಟಿನ ಮುಂದೆ ಕೂತಿದ್ದರು, ನನ್ನ ಮುಖ ನೋಡಿ ಕೈ ತೊಳೆದುಕೊಂಡರು.

"ಖಾನಾಪುರಕ್ಕ ಹೋಗಿದ್ದೆ. ಮೂರನೇದ ಮಗುಚಿ ನೋಡಿದೆ," ಅಂದೆ.

ತಾಟನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು. ನಾನು ಆಸ್ಪತ್ರೆಯಲ್ಲಿದ್ದಾಗ ಪುಣೆಯಿಂದ ದೊಡ್ಡ ಗ್ರಾಹಕರು ಬಂದಿದ್ದರಂತೆ. ಕೈಯಿಂದ ಕೆರೆದ ಪ್ಲೇಟಿನ ಹೊಳಪು ನೋಡಿ ಮರುಳಾದರಂತೆ. ಮಾಲೀಕರು ಮೂರನೆಯದನ್ನು ತೇಗದ ಪೀಠದ ಮೇಲೆ ಕೂರಿಸಿ ನೆನಪಿನ ಕಾಣಿಕೆಯಾಗಿ ಕೊಟ್ಟುಬಿಟ್ಟರಂತೆ. ಮೇಡಂಗೆ ಹೇಳಬೇಡಿ, ಗದ್ದಲ ಮಾಡ್ತಾರೆ, ಇನ್ನೊಂದು ಮಾಡಿಡಿ ಅಂದರಂತೆ. ಇವರು ಹತ್ತು ದಿನದಲ್ಲಿ ಮಾಡಿಟ್ಟರು.

"ಹಿಂದ ಪೊದಿಯೊಳಗ ಇನ್ನೊಂದ ಹಳೇ ಎರಕ ಇತ್ತಲ್ಲರಿ, ನಾಲ್ಕನೇದು. ಅದನ್ನರ ಯಾಕ ತಗೀಲಿಲ್ಲ?"

"ಅದಕ್ಕ ತುಕ್ಕ ಭಾಳ ಹಿಡದಿತ್ತು. ಒಂದೂವರಿ ತಿಂಗಳರ ಬೇಕಾಗ್ತಿತ್ತು. ಹೊಸದು ಮೆತ್ತಗಿತ್ತು, ಲಗೂನ ಆತು."

"ಬಾಗತೈತಿ ಅಂತ ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ಗೊತ್ತಿದ್ದೂ?"

ಅವರು ಹೇಳಿದ ಉತ್ತರ ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ಯಾರ ಅದನ್ನ ವಾಪರಸ್ತಾರ ತಂಗಿ? ಕಾಜಿನ ಪೆಟಗ್ಯಾಗ ಇಟ್ಟು ವರ್ಷಕ್ಕೊಮ್ಮಿ ಹಾರ ಹಾಕ್ತಾರ ಅನ್ಕೊಂಡೆ. ಪುಸ್ತಕ ಕಪಾಟಿನ್ಯಾಗ ಇಡ್ತಾರ. ಓದಿ, ನೀಲಿ ಹಚ್ಚಿ, ಕೈಲೆ ಕೆರ್ಯಾವರು ಈ ಕಾಲದಾಗ ಯಾರ ಅದಾರ? ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಏಳ ತಿಂಗಳ ಹೇಳಿದೆ, ನೀ ಬರದಿ. ಅಷ್ಟ."

ಪ್ಲೇಟು ಬದಲಿಸಿದ್ದಕ್ಕಿಂತ ಈ ಮಾತು ನನ್ನನ್ನು ಕೊಂದಿತು. ಏಳು ತಿಂಗಳು ನಾನು ಒಂದು ವಿದ್ಯೆಯನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ, ಅವರು ಒಬ್ಬ ಹಟಮಾರಿ ಹೆಂಗಸಿನ ಮನಸ್ಸು ಮುರಿಯಬಾರದೆಂದು ಕೂತಿದ್ದರು. ನೂರಾ ಹದಿನೆಂಟು ಪುಟಗಳಲ್ಲಿ ಒಂದನ್ನೂ ಯಾರಾದರೂ ಓದುತ್ತಾರೆ ಎಂದು ಅವರು ನಂಬಿರಲಿಲ್ಲ. ಇತ್ತ ಹನ್ನೊಂದು ಜನ ಅಕ್ಷರ ಬಿಡದೆ ಓದಿ, ಓದಿದಂತೆ ಮಾಡಿ, ಅದೇ ಕಾರಣಕ್ಕೆ ಮೋಸ ಹೋಗಿದ್ದರು. ಪುಸ್ತಕ ಓದದ ಸೋಮಾರಿಗಳಾಗಿದ್ದರೆ ಅವರ ಕೈಯಾದರೂ ಉಳಿಯುತ್ತಿತ್ತು.

ಮಾಲೀಕರ ಕ್ಯಾಬಿನ್‌ಗೂ ಹೋದೆ. "ಮೂರೂ ಒಂದ ನಮೂನಿ ಇದ್ದೂವಲ್ಲ ಮೇಡಂ, ಒಂದ ಕೊಟ್ರ ಏನ ಹೋತು?" ಅಂದರು. ವಾಪಸ್ ತರಿಸಿ ಎಂದೆ. "ಕೊಟ್ಟ ಕಾಣಿಕಿ ತಿರಗಿ ಕೇಳಾಕ ಬರತೈತೇನು?" ಅಂದು ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಅವರ ಮೇಲೆ ನನಗೆ ಅಂಥ ನೋವಿಲ್ಲ. ಮೂರು ಯಾಕೆ ಬೇಕೆಂದು ತಿಳಿಯದವರು ಮಾಡುವ ಕೆಲಸವನ್ನೇ ಅವರು ಮಾಡಿದರು.

ಪೊದೆಯಲ್ಲಿದ್ದ ನಾಲ್ಕನೆಯ ಎರಕವನ್ನು ಟೆಂಪೋದಲ್ಲಿ ಖಾನಾಪುರಕ್ಕೆ ಸಾಗಿಸಿದೆ. ತವನಪ್ಪನವರು ಗೇಟಿನ ಹತ್ತಿರ ಬಂದು "ನಾ ಬಂದು ಮಾಡಿಕೊಡ್ತೇನಿ" ಅಂದರು. ಬೇಡ ಅಂದೆ. ಅವರು ಕೆರೆದರೆ ಒಂದೂವರೆ ತಿಂಗಳ ಕೆಲಸ, ಹುಡುಗರು ಕೆರೆದರೆ ಆರು ತಿಂಗಳು. ಆದರೂ ಬೇಡ ಅಂದೆ. ಅದರಲ್ಲಿ ಶಾಸ್ತ್ರಕ್ಕಿಂತ ನನ್ನ ಸಿಟ್ಟೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಇನ್ನು ಪುಸ್ತಕ. ಹುಡುಗರಿಗೆ ನಡೆದದ್ದನ್ನು ಹೇಳಿದಾಗ ಪರಶುರಾಮ ಮೆಲ್ಲಗೆ ಕೇಳಿದರು, "ಮತ್ತ ಸಹಿ ಮಾಡೂ ಮುಂದ ನೀವರ ಒಮ್ಮಿ ಮಗುಚಿ ನೋಡಬೇಕಿತ್ತಲ್ಲರಿ ಮೇಡಂ?" ಹೌದು, ನೋಡಬೇಕಿತ್ತು. ಹೊರಗಿನಿಂದ ಬಂದ ಒಂದು ನಟ್ಟನ್ನೂ ನಾಲ್ಕೂ ಕಡೆ ತಿರುಗಿಸಿ ನೋಡುತ್ತಿದ್ದವಳು ನಾನು. ನನ್ನ ಪ್ಲೇಟಿನ ಮೇಲೆ ಅಣ್ಣಾರ ಕೈಯ ಗುರುತು ಕಂಡಾಗಲೂ ನಾನಿಲ್ಲದಾಗ ತಿದ್ದಿರಬೇಕು ಎಂದುಕೊಂಡು ಮೇಲಷ್ಟೇ ನೋಡಿದ್ದೆ. ಅವತ್ತು ನೂರಾ ಹತ್ತೊಂಬತ್ತನೆಯ ಪುಟ ಬರೆದೆ: "ಜನವರಿ 2023ರಲ್ಲಿ ಕೊಟ್ಟ ಮೂರನೆಯ ಪ್ಲೇಟು ಮೂಲದ್ದಲ್ಲ. ಹಣ್ಣಾಗದ ಎರಕದಿಂದ ಮಾಡಿದ್ದು. ಮಾಡಲು ಹೇಳಿದವರು ಕಾರ್ಖಾನೆಯ ಮಾಲೀಕರು. ಗೊತ್ತಿದ್ದೂ ಮಾಡಿದವರು ತವನಪ್ಪ ಮಿಸ್ತ್ರಿ. ಮಗುಚಿ ನೋಡದೆ ಸಹಿ ಹಾಕಿದವಳು ನಾನು. ವಿಧಾನದಲ್ಲಿ ತಪ್ಪಿಲ್ಲ."

ಕೇಳದೆ ಸೇರಿಸುವುದು ಸರಿಯಲ್ಲ ಎಂದು ಅದನ್ನು ತವನಪ್ಪನವರಿಗೆ ಓದಿ ತೋರಿಸಿದೆ, ಕೆಳಗೆ ಸಹಿ ಮಾಡಿ ಅಂದೆ.

"ಒಡದಿತ್ತು, ಅದಕ್ಕ ಬದಲಿ ಮಾಡಿದ್ವಿ ಅಂತ ಬರಿ," ಅಂದರು.

"ಒಡದಿರಲಿಲ್ಲಲ್ಲ ಅಣ್ಣಾರ."

"ನಲವತ್ತ ವರ್ಷ ಮಾಡಿದ ಕೆಲಸ ಬಿಟ್ಟು ಹತ್ತ ದಿವಸದ್ದು ಬರದಿಯಲ್ಲ ಮೇಡಂ."

"ನಲವತ್ತ ವರ್ಷದ್ದು ನೂರಾ ಹದಿನೆಂಟ ಪುಟ ಐತಿ. ಹತ್ತ ದಿವಸದ್ದು ಒಂದ ಪುಟ."

ಪೆನ್ನು ಮುಟ್ಟಲಿಲ್ಲ. ಇಬ್ಬರೇ ಇದ್ದಾಗ ಅವರು ನನಗೆ ಮೇಡಂ ಅಂದದ್ದು ಅದೇ ಮೊದಲು. ಆಮೇಲೆ ನಾವು ಮಾತಾಡಿಲ್ಲ.

2024ರ ಮಾರ್ಚ್‌ನಲ್ಲಿ ಖಾನಾಪುರದ ಮೂರು ಪ್ಲೇಟುಗಳು ಕೂಡಿದವು. ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿದರು, ಹಾಗೆಯೇ ಕೂಡಿದ್ದವು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ. ವಿದ್ಯೆಯನ್ನು ಉಳಿಸುವವರು ಅದರ ಜೊತೆಗೆ ಎಲ್ಲಿ ಯಾರು ಮೋಸ ಮಾಡಿದರು, ಯಾರು ನೋಡದೆ ಬಿಟ್ಟರು ಎನ್ನುವುದನ್ನೂ ಬರೆದಿಡಬೇಕು, ಇಲ್ಲದಿದ್ದರೆ ಮುಂದಿನವರು ವಿದ್ಯೆಯನ್ನೇ ಸುಳ್ಳೆಂದು ಬಿಸಾಕುತ್ತಾರೆ. ಇದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಆದರೆ ಇದಕ್ಕೆ ಯಾರು ಏನು ತೆರುತ್ತಾರೆ ಎಂದು ನನಗೆ ತಿಳಿದದ್ದು ಆ ವರ್ಷದ ಹೊಸ ತಂಡಕ್ಕೆ ಪಾಠ ಮಾಡಲು ಹೋದಾಗ. ಪರಶುರಾಮ ಹೊಸಬರಿಗೆ ಮೊದಲು ಓದಿಸುವುದು ನೂರಾ ಹತ್ತೊಂಬತ್ತನೆಯ ಪುಟವನ್ನೇ. ಎಚ್ಚರ ಇರಲಿ ಎಂದು.

ಬೀಡಿ ಎಂಬ ಊರಿನಿಂದ ಬಂದಿದ್ದ ಒಬ್ಬ ಹುಡುಗಿ, ಸ್ಕ್ರೇಪರ್ ಹಿಡಿದ ಕೈ ನಿಲ್ಲಿಸಿ ಕೇಳಿದಳು, "ಮೇಡಂ, ಈ ತವನಪ್ಪ ಮಿಸ್ತ್ರಿ ಅಂದ್ರ ಮೋಸ ಮಾಡಿದಾಂವ ಅಲ್ರಿ?"

ಅವಳ ಸ್ಕ್ರೇಪರಿನ ಗುರುತುಗಳು ಅರ್ಧಚಂದ್ರದಂತೆ ಎಡಕ್ಕೆ ವಾಲಿದ್ದವು. ಹಾಗೆ ಎಳೆಯಬೇಕೆಂದು ಯಾರು ಹೇಳಿದರು ಎಂದು ಕೇಳಿದೆ.

"ಪುಸ್ತಕದಾಗ ಹಂಗ ಐತ್ರಿ," ಅಂದಳು.

ಅದನ್ನು ಹೇಳಿ ಬರೆಸಿದವರು ಆ ತವನಪ್ಪ ಮಿಸ್ತ್ರಿಯವರೇ ಎಂದು ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಮತ್ತೆ ಬಗ್ಗಿ ಕೆರೆಯತೊಡಗಿದಳು.